ಬಾನೆಟ್ಟಿನಲ್ಲಿ ಮೀಸೆ

ಕೋಥರೂಡಿನ ಅವಧೂತ ವಕೀಲರ ಕರಿ ಅಂಬಾಸಿಡರ್ ಕಾರನ್ನು ತೊಳೆದದ್ದು ಸರಿಯಾಯಿತೇ ಎಂದು ನೋಡಲು ಅವರ ಡ್ರೈವರ್ ಭೀಮಣ್ಣ ಒಂದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ ಬಾನೆಟ್ಟಿನ ಮೇಲೆ ಬಾಗಿ ತನ್ನ ಮೀಸೆ ನೋಡಿಕೊಳ್ಳುವುದು. ಮೀಸೆಯ ಎರಡೂ ತುದಿಗಳು ಸ್ಪಷ್ಟವಾಗಿ ಕಂಡರೆ ಗಾಡಿ ಪಾಸು. ಮೀಸೆ ಮಸುಕಾಗಿ ಮೂಗಿನೊಂದಿಗೆ ಕಲಸಿಹೋದರೆ ಮತ್ತೆ ಬಕೀಟು, ಮತ್ತೆ ಬಟ್ಟೆ. ಇದನ್ನು ದಿನಾ ನೋಡುತ್ತಿದ್ದ ವಕೀಲರ ಹೆಂಡತಿ ಕೃಷ್ಣಾಬಾಯಿ, "ಗಾಡಿ ತೊಳೀತಾನೋ, ತಾನೇ ಸಿಂಗಾರ ಮಾಡ್ಕೋತಾನೋ ತಿಳೀವಲ್ದು" ಎಂದು ನಗುತ್ತಿದ್ದರು. ನಗಲಿ. ಒಂಬತ್ತು ವರ್ಷದಲ್ಲಿ ಆ ಗಾಡಿ ಒಂದು ದಿನವೂ ಫೇಲಾಗಿರಲಿಲ್ಲ.

ಭೀಮಣ್ಣ ಸುರಪುರದ ಕಡೆಯವನು. ಹರೆಯದಲ್ಲಿ ಗೌಂಡಿಗಳ ಗುಂಪಿನೊಂದಿಗೆ ಪುಣೆಗೆ ಬಂದು ಸಿಮೆಂಟಿನ ಬುಟ್ಟಿ ಹೊತ್ತ. ಆಮೇಲೆ ಲಾರಿಯ ಕ್ಲೀನರ್ ಆದ, ಲಾರಿಯ ಡ್ರೈವರ್ ಆದ. ೧೯೭೧ರಲ್ಲಿ ಒಂದು ದಿನ ಕರ್ವೆ ರಸ್ತೆಯಲ್ಲಿ ಅಡ್ಡ ನಿಂತ ಎಮ್ಮೆಗಳಿಗೆ ಲಾರಿಯ ಕಿಟಕಿಯಿಂದ ಅಚ್ಚಗನ್ನಡದಲ್ಲಿ ಬೈಯುತ್ತಿದ್ದಾಗ, ಧಾರವಾಡದಿಂದ ಬಂದು ಶಿವಾಜಿನಗರದ ಕೋರ್ಟಿನಲ್ಲಿ ವಕೀಲಿ ಹಿಡಿದಿದ್ದ ಅವಧೂತರ ಕಿವಿಗೆ ಬಿದ್ದ. ಆ ಬೈಗುಳವೇ ಅವನ ಅರ್ಜಿ, ಅದೇ ಸಂದರ್ಶನ. ಮರುವಾರವೇ ಅವನೂ ಹೆಂಡತಿ ಸಾಬವ್ವನೂ ವಕೀಲರ ಬಂಗಲೆಯ ಹಿಂದಿನ ಒಂದೇ ಕೋಣೆಯ ಖೋಲಿಗೆ ಬಂದು ಸೇರಿದರು. ಖೋಲಿ ಡ್ರೈವರಿನದು, ಎಂದರೆ ಡ್ರೈವರ್ ಆಗಿರುವತನಕ ಅವನದು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಗಾಡಿ ತೊಳೆಯುವುದಕ್ಕೆ ಏನು ಬಳಸಬೇಕೆಂಬ ವಿಷಯದಲ್ಲಿ ಅವನಷ್ಟು ಹಟಮಾರಿಯನ್ನು ಇಡೀ ಕೋಥರೂಡಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅಕ್ಕಪಕ್ಕದ ಬಂಗಲೆಯವರು ಬಟ್ಟೆ ಒಗೆಯುವ ಪುಡಿಯನ್ನೇ ಕಾರಿಗೂ ಸುರಿಯುತ್ತಿದ್ದರು. ಭೀಮಣ್ಣನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಸೋಡಾ ಇರುವ ಯಾವುದೂ ಗಾಡಿಯ ಬಣ್ಣ ತಿನ್ನುತ್ತದೆ ಎಂಬುದು ಅವನ ಸಿದ್ಧಾಂತ. ಕೃಷ್ಣಾಬಾಯಿ ರೇಷ್ಮೆ ಸೀರೆ ತೊಳೆಯಲು ಅಂಟವಾಳಕಾಯಿ ನೆನೆಹಾಕುತ್ತಿದ್ದರಲ್ಲ, ಅದರಲ್ಲಿ ಒಂದು ಪಾಲು ಕೇಳಿ ತಂದು, ಕುದಿಸಿ, ಸೋಸಿ, ಆ ನೊರೆಯಲ್ಲಿ ಗಾಡಿ ತೊಳೆಯುತ್ತಿದ್ದ. "ಇದಕ್ಕೇನ್ರಿ ಅವ್ವಾರ, ರೇಷ್ಮಿಗಿಂತ ನಾಜೂಕು ಮೈ ಅದ" ಎನ್ನುತ್ತಿದ್ದ. ಗಾಜಿಗೆ ಹಳೆಯ ಮರಾಠಿ ಪೇಪರು. ಹುಬ್ಬಳ್ಳಿಯಿಂದ ಎರಡು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ವಕೀಲರು ಕೊಡುತ್ತಿರಲಿಲ್ಲ. ಬಂಪರಿನ ಹೊಳಪಿಗೆ ವಿಭೂತಿ ಗಟ್ಟಿಯ ಮುರುಕು. ಇದಕ್ಕೆ ಮಾತ್ರ ಸಾಬವ್ವನ ತಕರಾರು: "ಹಣಿಗಿ ಹಚ್ಚೂದನ್ನ ಗಾಡಿ ಮೂತಿಗಿ ತಿಕ್ತೀಯಲ್ಲ, ದೇವರು ನೋಡ್ಯಾನ."

ಒರೆಸುವುದಕ್ಕೆಂದು ವಕೀಲರು ಒಮ್ಮೆ ಮುಂಬಯಿಯಿಂದ ಮೆತ್ತನೆಯ ತೊಗಲು ತಂದುಕೊಟ್ಟಿದ್ದರು. ಅದನ್ನು ಒಣಗಿಸಲು ತುಳಸಿಕಟ್ಟೆಯ ಪಕ್ಕದ ತಂತಿಯ ಮೇಲೆ ಹಾಕಿದ್ದೇ ತಡ, ಕೃಷ್ಣಾಬಾಯಿ ಕೋಲಿನ ತುದಿಯಿಂದ ಎತ್ತಿ ಕಂಪೌಂಡಿನ ಆಚೆ ಒಗೆದರು. ಅಂದಿನಿಂದ ವಕೀಲರ ತಂದೆಯವರ ಹಳೆಯ ಮಲಮಲ್ ಧೋತರವೇ ಕಾಯಂ ಆಯಿತು. ಕೊನೆಗೆ ತಿಂಗಳಿಗೊಮ್ಮೆ, ಶಿವಾಜಿನಗರದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಅಕ್ಕಲಕೋಟೆಯ ಮಲಕಪ್ಪನ ಕಡೆಯಿಂದ ತಂದ ಮೇಣದ ಪಾಲಿಶ್. ಹಚ್ಚಿ, ಒಣಗಲು ಬಿಟ್ಟು, ಉಜ್ಜಿ, ಮೀಸೆ ನೋಡಿಕೊಂಡರೆ ಮುಗಿಯಿತು.

೧೯೮೦ರ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಭೀಮಣ್ಣ ಬಾಗಿ ನೋಡಿದರೆ ಮೀಸೆ ಕಾಣಲಿಲ್ಲ.

ಕಾಣಲೇ ಇಲ್ಲ ಎನ್ನುವಂತಿಲ್ಲ. ಏನೋ ಒಂದು ಕಪ್ಪು ಕಂಡಿತು, ಅದು ಮೀಸೆಯೂ ಆಗಿರಬಹುದು, ನೆರಳೂ ಆಗಿರಬಹುದು. ಬಾನೆಟ್ಟಿನ ಮೇಲೆ ಹಾಲಿನ ಕೆನೆಯಂಥ ಮಸುಕು ಕೂತಿತ್ತು. ಮತ್ತೆ ಉಜ್ಜಿದ. ಮಸುಕು ಹೋಗಲಿಲ್ಲ. ಈ ವರ್ಷದ ಅಂಟವಾಳಕಾಯಿಗೆ ಹುಳ ಹಿಡಿದಿದೆ ಎಂದು ತೀರ್ಮಾನಿಸಿ ಬೇರೆ ತರಿಸಿದ. ನಳದ ನೀರಿನಲ್ಲಿ ಏನೋ ಬೆರೆಸುತ್ತಿದ್ದಾರೆ ಎಂದು ಅನುಮಾನಿಸಿ ಬಾವಿಯ ನೀರು ಹೊತ್ತು ತಂದ. ಬೇಸತ್ತು, ಪಾಲಿಶ್ ಡಬ್ಬಿ ಹಿಡಿದು ಮಲಕಪ್ಪನ ಅಂಗಡಿಗೇ ಹೋಗಿ ಗಲ್ಲೆಯ ಮೇಲೆ ಕುಕ್ಕಿದ.

"ಕಲಬೆರಕಿ ಮಾಲು ಕೊಡ್ತಿಯೇನೋ ನನಗ? ಹತ್ತು ವರ್ಷದ ಗಿರಾಕಿಗೆ?"

ಮಲಕಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಡಬ್ಬಿ ತೆರೆದು ಮೂಸಿ ನೋಡಿದ, ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ. ಅಂಗಡಿಯಿಂದಿಳಿದು ಗಾಡಿಯನ್ನೂ ಒಂದು ಸುತ್ತು ನೋಡಿ ಬಂದ.

"ಭೀಮಣ್ಣ, ಗಾಡಿ ಕನ್ನಡಿ ಆಗ್ಯದಲ್ಲೋ ಮಾರಾಯಾ. ಇನ್ನ ಹೆಂಗ್ ಹೊಳೀಬೇಕು ನಿನಗ?"

"ನನ್ನ ಮುಂದ ಯಾಪಾರದ ಮಾತು ಬ್ಯಾಡ. ಇದಕ್ಕಿಂತ ಜಬರದಸ್ತ್ ಏನದ, ಅದನ್ನ ಕೊಡು."

ಮಲಕಪ್ಪ ಸೀಸೆಯಲ್ಲಿದ್ದ ನೀರು ಪಾಲಿಶ್ ಕೊಟ್ಟ. ಹದಿನೈದು ದಿನಕ್ಕೆ ಅದೂ ವಾಪಸು ಬಂತು. ಬೇರೆ ಕಂಪನಿಯದನ್ನು ಕೊಟ್ಟ, ಅದೂ ಬಂತು. ಕಡೆಗೆ ಭೀಮಣ್ಣನೇ ಮೇಲಿನ ಹಲಗೆಯತ್ತ ಬೊಟ್ಟು ಮಾಡಿದ. ಅಲ್ಲಿ ರಬ್ಬಿಂಗ್ ಕಾಂಪೌಂಡಿನ ಡಬ್ಬಿಗಳಿದ್ದವು. ಗ್ಯಾರೇಜಿನವರು ಹೊಸ ಬಣ್ಣ ಹೊಡೆದಮೇಲೆ ಅದರ ದೊರಗನ್ನು ತೀಡಿ ನಯಮಾಡಲು ಬಳಸುವ ಮುದ್ದೆ ಅದು. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು.

"ಅದು ಪಾಲಿಶ್ ಅಲ್ಲೋ, ಬಣ್ಣಾ ಕೆರೀತದ. ಮನ್ಯಾಗ ಬಳಸೂ ವಸ್ತು ಅಲ್ಲ. ಬೇಕಂದ್ರ ವರ್ಷಕ್ಕೊಮ್ಮೆ, ಅದೂ ಹಗೂರಕ" ಎಂದು ಮಲಕಪ್ಪ ಹೇಳಿದ. ಸೋಡಾಪುಡಿ ಬಣ್ಣ ತಿನ್ನುತ್ತದೆಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಆ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಹೊರಟ. ಮೊದಲು ತಿಂಗಳಿಗೊಮ್ಮೆ ಉಜ್ಜಿದ. ಸಂಕ್ರಾಂತಿಯ ಹೊತ್ತಿಗೆ ವಾರಕ್ಕೊಮ್ಮೆ ಆಯಿತು.

ಇದನ್ನು ಓದುತ್ತಿರುವವರಿಗೆ ಈಗಾಗಲೇ ಅನುಮಾನ ಬಂದಿರುತ್ತದೆ. ಭೀಮಣ್ಣನಿಗೂ ಬರಬೇಕಿತ್ತು. ಆದರೆ ದಿನಬೆಳಗಾದರೆ ಸ್ಟೇರಿಂಗು ಹಿಡಿಯುವವನಿಗೆ ತನ್ನ ಕಣ್ಣಿನ ಮೇಲೆ ಅನುಮಾನ ಪಡುವುದು ಅಷ್ಟು ಸುಲಭವಲ್ಲ. ನೀರು, ಕಾಯಿ, ಡಬ್ಬಿ, ಮಲಕಪ್ಪ, ಎಲ್ಲರ ಮೇಲೂ ಸಂಶಯಪಟ್ಟು ಮುಗಿದ ಮೇಲೆಯೇ ಅದರ ಸರದಿ ಬರುವುದು.

ಆ ಸರದಿ ಬಂದದ್ದು ಯುಗಾದಿ ಕಳೆದು ನಾಲ್ಕು ದಿನಕ್ಕೆ. ಭೀಮಣ್ಣ ಉಜ್ಜಿ ಉಜ್ಜಿ ತೋಳು ಸೋತು, ಇವತ್ತೂ ಗಾಡಿ ಫೇಲಾಯಿತೆಂದು ಕಟ್ಟೆಯ ಮೇಲೆ ಕೂತಿದ್ದ. ಸಾಬವ್ವ ತುಂಬಿದ ಕೊಡ ಹೊತ್ತು ಆ ದಾರಿಯಲ್ಲಿ ಬಂದಳು. ಕೊಡ ಇಳಿಸಿ, ಬಾನೆಟ್ಟಿನ ಕಡೆ ಬಾಗಿ, ಬೆವರಿಗೆ ಇಳಿದಿದ್ದ ಹಣೆಯ ಕುಂಕುಮವನ್ನು ಕಿರುಬೆರಳಿನಿಂದ ದುಂಡಗೆ ಸರಿಮಾಡಿಕೊಂಡಳು. ಮುಂಗುರುಳನ್ನೂ ಕಿವಿಯ ಹಿಂದೆ ಸೇರಿಸಿಕೊಂಡಳು. ಆಮೇಲೆ ಕೊಡವೆತ್ತಿಕೊಂಡು ಹೊರಟುಹೋದಳು.

ಭೀಮಣ್ಣ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಎದ್ದು ಹೋಗಿ ಅವಳು ಬಾಗಿದ ಜಾಗದಲ್ಲೇ ತಾನೂ ಬಾಗಿದ. ಕೆನೆಯಂಥ ಮಸುಕು, ಅದರಲ್ಲೊಂದು ಕಪ್ಪು ಮುದ್ದೆ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ತಲೆ ಎತ್ತಿ ಗೇಟಿನಾಚೆಯ ಬೇವಿನ ಮರ ನೋಡಿದ. ಅದರ ಮೇಲೂ ಅದೇ ಕೆನೆ. ಬೇವಿನ ಮರಕ್ಕೆ ಯಾರೂ ಪಾಲಿಶ್ ಹಚ್ಚಿರಲಿಲ್ಲ.

ಅವನ ಅಪ್ಪನಿಗೂ ಹೀಗೇ ಆಗಿತ್ತು. ಐವತ್ತು ದಾಟುವಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದು, ಗುಡಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಹೆಜ್ಜೆಯ ಸದ್ದಿನಿಂದಲೇ ಹೆಸರು ಹೇಳುತ್ತಿದ್ದ. ಕಣ್ಣಿನ ಆಪರೇಶನ್ ಆಗುತ್ತದೆ ಎಂದು ಭೀಮಣ್ಣನಿಗೆ ಗೊತ್ತಿತ್ತು. ಆಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪ ಚಸ್ಮಾ ಬರುತ್ತದೆ, ಆ ಚಸ್ಮಾದವನ ಕೈಗೆ ಯಾರೂ ಗಾಡಿ ಕೊಡುವುದಿಲ್ಲ ಎಂಬುದೂ ಗೊತ್ತಿತ್ತು. ಗಾಡಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಖೋಲಿ ಹೋಯಿತು. ಐವತ್ತರಲ್ಲಿ ಮತ್ತೆ ಸಿಮೆಂಟಿನ ಬುಟ್ಟಿ ಹೊರುವುದೇ? ಕಣ್ಣು ಕಾಣದವನಿಗೆ ಬುಟ್ಟಿಯಾದರೂ ಯಾರು ಕೊಡುತ್ತಾರೆ?

ಅವನು ಯಾರಿಗೂ ಹೇಳಲಿಲ್ಲ. ಸಾಬವ್ವನಿಗೂ ಹೇಳಲಿಲ್ಲ. ಇನ್ನೂ ವಿಚಿತ್ರವೆಂದರೆ ಕಾಂಪೌಂಡ್ ಹಚ್ಚುವುದನ್ನೂ ಬಿಡಲಿಲ್ಲ. ಬಿಟ್ಟರೆ ತಪ್ಪು ಗಾಡಿಯದಲ್ಲ ಎಂದು ತಾನೇ ಒಪ್ಪಿಕೊಂಡಂತೆ ಆಗುತ್ತಿತ್ತು. ಒಂದು ದಿನ, ಯಾವುದೋ ಒಂದು ಡಬ್ಬಿಯಿಂದ, ಮೀಸೆ ಮತ್ತೆ ಕಂಡೀತು ಎಂದು ಆ ಮನುಷ್ಯ ನಿಜವಾಗಿಯೂ ಆಸೆ ಇಟ್ಟುಕೊಂಡಿದ್ದ. ಹಾಗೆ ಉಜ್ಜುತ್ತಿದ್ದವನನ್ನು ನೆನೆದರೆ ನನಗೆ ಈಗಲೂ ಸಿಟ್ಟೂ ಬರುತ್ತದೆ, ಕನಿಕರವೂ ಬರುತ್ತದೆ.

ಗಾಡಿ ಓಡಿಸಲು ಅವನಿಗೆ ನೆನಪು ಸಾಕಾಗುತ್ತಿತ್ತು. ಕೋಥರೂಡಿನಿಂದ ಕೋರ್ಟಿನವರೆಗೆ ಯಾವ ತಿರುವು, ಯಾವ ಗುಂಡಿ, ಎಲ್ಲಿ ಸೈಕಲ್ಲುಗಳು ಒತ್ತಿಬರುತ್ತವೆ, ಎಲ್ಲವೂ ಕೈಕಾಲಿಗೇ ಗೊತ್ತು. ಹೊತ್ತು ಮುಳುಗಿದ ಮೇಲೆ ಹೋಗಬೇಕಾದಾಗ ಮಾತ್ರ ಹೊಟ್ಟೆನೋವು, ಟೈರು, ಬ್ಯಾಟರಿ ಎಂದು ನೆಪ ಹೇಳುತ್ತಿದ್ದ. ವಕೀಲರ ಮಗಳು ಕುಸುಮ ಕಾಲೇಜಿಗೆ ಹೋಗುವಾಗ ಮುಂದೆ ಅವನ ಪಕ್ಕದಲ್ಲೇ ಕೂರುತ್ತಿದ್ದಳು. ಒಂಬತ್ತು ವರ್ಷದವಳಿದ್ದಾಗಿನಿಂದ ಅದು ಅವಳ ಜಾಗ. "ಭೀಮಣ್ಣ, ಸಿಗ್ನಲ್ ಹಸಿರಾತು, ಯಾಕ ನಿಂತಿ?" ಎಂದು ಅವಳು ಈಚೆಗೆ ಎರಡು ಮೂರು ಸಲ ಕೇಳಿದ್ದಳು. "ಘಾಯಿ ಯಾಕ್ರಿ ಅಕ್ಕಾರ, ಸಾವಕಾಶ ಹೋಗೂಣು" ಎಂದು ಅವನು ನಕ್ಕುಬಿಟ್ಟಿದ್ದ.

ಭಾದ್ರಪದದಲ್ಲಿ ಸಾತಾರೆಯ ಕೋರ್ಟಿನಲ್ಲಿ ಒಂದು ಕೇಸು ಬಂತು. ಅಲ್ಲಿಯ ಗೆಳತಿಯನ್ನು ನೋಡಬೇಕೆಂದು ಕುಸುಮಳೂ ಜೊತೆಗೆ ಹೊರಟಳು. ಮಧ್ಯಾಹ್ನವೇ ಮುಗಿಯಬೇಕಿದ್ದ ಕೆಲಸ ಸಂಜೆಯತನಕ ಎಳೆಯಿತು. ಕಾತ್ರಜ ಘಾಟಿಗೆ ಬರುವಷ್ಟರಲ್ಲಿ ಮುಸ್ಸಂಜೆ. ವಕೀಲರು ಹಿಂದೆ ಕೂತು ತೂಕಡಿಸುತ್ತಿದ್ದರು. ಗುಡ್ಡ ಕೊರೆದ ಬೋಗದೆ ದಾಟಿ ಇಳಿಜಾರು ಹಿಡಿದಾಗ ಎದುರಿನಿಂದ ಬಂದ ಲಾರಿಯೊಂದು ದೀಪ ಹಾಕಿತು. ಆ ಬೆಳಕು ಭೀಮಣ್ಣನ ಕಣ್ಣಿನಲ್ಲಿ ಹಿಟ್ಟು ಎರಚಿದ ಹಾಗೆ ಹರಡಿ ರಸ್ತೆ, ಗುಡ್ಡ, ಕಂದಕ ಎಲ್ಲವೂ ಬೆಳ್ಳಗಾಗಿಬಿಟ್ಟವು. ಅವನು ನೆನಪಿನ ಮೇಲೆಯೇ ಗಾಡಿ ಬಿಟ್ಟ.

"ಭೀಮಣ್ಣಾ, ಕಲ್ಲು! ಕಲ್ಲು!" ಎಂದು ಕುಸುಮ ಚೀರಿದಳು.

ಕೆಟ್ಟು ನಿಂತ ಟ್ರಕ್ಕೊಂದರ ಹಿಂದೆ ಸಾಲಾಗಿ ಕಲ್ಲು ಇಟ್ಟಿದ್ದರು. ನೆನಪಿನಲ್ಲಿ ಆ ಕಲ್ಲುಗಳಿರಲಿಲ್ಲ. ಬ್ರೇಕಿನ ಮೇಲೆ ನಿಂತೇಬಿಟ್ಟ. ಮೊದಲನೆಯ ಕಲ್ಲು ಚಕ್ರಕ್ಕೆ ತಾಗಿ ಗಾಡಿ ಜರ್ಕು ಹೊಡೆದು ನಿಂತಿತು; ಟ್ರಕ್ಕಿಗೂ ಬಾನೆಟ್ಟಿಗೂ ಒಂದು ಮಾರಿನ ಅಂತರ. ವಕೀಲರು ಗಾಬರಿಯಾಗಿ ಎದ್ದು ಏನಾಯಿತೆಂದು ಕೇಳಿದರು.

"ಬ್ರೇಕು ಸಡ್ಲ ಆಗ್ಯಾವ್ರಿ ಸಾಹೇಬ್ರ" ಎಂದ ಭೀಮಣ್ಣ.

ಕುಸುಮ ಮನೆ ಮುಟ್ಟುವವರೆಗೆ ರಸ್ತೆಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ಅದಷ್ಟು ಅವನಿಗೆ ಗೊತ್ತಾಗುತ್ತಿತ್ತು.

ಮರುದಿನ ಗಾಡಿ ಗ್ಯಾರೇಜಿಗೆ ಹೋಯಿತು. ಬ್ರೇಕಿನಲ್ಲಿ ಏನೂ ದೋಷವಿಲ್ಲವೆಂದು ಮೇಸ್ತ್ರಿ ಹೇಳಿ ಕಳಿಸಿದ. ಆ ಸಂಜೆ ಭೀಮಣ್ಣ ಹೇಳಿಯೇಬಿಡೋಣವೆಂದು ವಕೀಲರ ಆಫೀಸು ಖೋಲಿಯ ಬಾಗಿಲಿಗೆ ಹೋಗಿ ನಿಂತ. ವಕೀಲರು ಕಾಗದಗಳಿಂದ ತಲೆ ಎತ್ತಿ, "ಏನೋ?" ಎಂದರು.

"ಏನಿಲ್ರಿ. ಪಾಲಿಶ್ ಡಬ್ಬಿ ತೀರ್‍ಯದ್ರಿ. ಖಂಡೇನವಮಿ ಬಂತಲ್ರಿ."

ಖಂಡೇನವಮಿಯ ಹಿಂದಿನ ದಿನವಿಡೀ ಉಜ್ಜಿದ. ಗಾಡಿಗೆ ವರ್ಷದ ಹಬ್ಬ ಆಯುಧಪೂಜೆಯ ಆ ದಿನವೊಂದೇ. ಬೆಳಿಗ್ಗೆ ಅಂಗಳ ಸಾರಿಸಿ, ವಕೀಲರ ಕಾನೂನಿನ ಪುಸ್ತಕಗಳು, ಅಡಿಗೆಮನೆಯ ಈಳಿಗೆ, ಕುಸುಮಳ ಕಂಪಾಸು, ಭೀಮಣ್ಣನ ನಟ್ಟು ತಿರುವುವ ಪಾನಾಗಳು, ಗಾಡಿಯ ಕೀಲಿ, ಎಲ್ಲವನ್ನೂ ತಾಟಿನಲ್ಲಿ ಜೋಡಿಸಿ ಪೂಜೆಗೆ ಇಟ್ಟರು. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಮರುದಿನ ದಸರೆಯ ಬೆಳಿಗ್ಗೆ ಅವರವರ ಆಯುಧ ಅವರವರೇ ಎತ್ತಿಕೊಳ್ಳಬೇಕು. ಭೀಮಣ್ಣ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹೊಸ ಅಂಗಿ ತೊಟ್ಟು ಪಕ್ಕಕ್ಕೆ ನಿಂತ.

ಕುಂಕುಮದ ಬಟ್ಟಲು ಹಿಡಿದು ಬಂದ ಕೃಷ್ಣಾಬಾಯಿ ಬಾನೆಟ್ಟಿನ ಮುಂದೆ ತಡೆದು ನಿಂತರು.

"ಭೀಮಣ್ಣ, ಇದೇನೋ ಕೆಂಪು? ಕುಂಕುಮ ನಾ ಇನ್ನೂ ಹಚ್ಚೇ ಇಲ್ಲಲ್ಲೋ."

"ಸಾಬವ್ವ ಕೈ ಹಚ್ಚಿರಬೇಕ್ರಿ ಅವ್ವಾರ" ಎಂದು ಭೀಮಣ್ಣ ಹೆಗಲ ಮೇಲಿನ ಧೋತರದ ತುಂಡು ತೆಗೆದು ಒರೆಸಿದ. ಒರೆಸಿ, "ಹೋತ್ರಿ" ಎಂದ. ಕೃಷ್ಣಾಬಾಯಿ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದರು. ಮತ್ತೆ ಒರೆಸಿದ. "ಈಗ ಹೋತಲ್ರಿ?" ಎಂದ.

ಅದು ಕುಂಕುಮವಾಗಿರಲಿಲ್ಲ. ಬಾನೆಟ್ಟಿನ ನಡುವೆ ಉಬ್ಬಿದ ಏಣಿನ ಉದ್ದಕ್ಕೂ ಕರಿ ಬಣ್ಣ ಸವೆದು, ಕಾರ್ಖಾನೆಯಲ್ಲಿ ಮೊದಲು ಬಳಿದಿದ್ದ ಕೆಂಪು ಹೊರಗೆ ಬಂದಿತ್ತು. ಬಾಗಿಲಿನ ಅಂಚಿನಲ್ಲಿ, ದೀಪಗಳ ಸುತ್ತ, ಎಲ್ಲಿ ಕೈ ಒತ್ತಿ ಉಜ್ಜಿದ್ದನೋ ಅಲ್ಲೆಲ್ಲ ಕೆಂಪು ಬಿಟ್ಟುಕೊಂಡಿತ್ತು. ಹಿಂದಿನ ದಿನದ ಉಜ್ಜಾಟ ಅದನ್ನು ಪೂರ್ತಿ ತೆರೆದಿಟ್ಟಿತ್ತು. ಮನೆಯವರೆಲ್ಲರಿಗೂ ಕಾಣುತ್ತಿದ್ದ ಅದು, ಮೊಳದ ದೂರದಲ್ಲಿ ನಿಂತು ಒರೆಸುತ್ತಿದ್ದ ಅವನೊಬ್ಬನಿಗೆ ಕಾಣುತ್ತಿರಲಿಲ್ಲ.

ಮೂವತ್ತು ವರ್ಷ ಸಾಕ್ಷಿಗಳ ಮುಖ ನೋಡಿದ್ದ ವಕೀಲರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

"ಎಷ್ಟು ದಿನಾ ಆತು?" ಎಂದು ಕೇಳಿದರು, ದನಿ ಏರಿಸದೆ.

ಭೀಮಣ್ಣನ ಕೈ ನಿಂತಿತು. "ವರ್ಷ ಆತ್ರಿ. ಪೊರಿ ಅಂತ ತಿಳಿದದ್ದು ಯುಗಾದಿಗ್ರಿ."

"ಕಾತ್ರಜದಾಗ ಬ್ರೇಕು ಅಂದೆಲ್ಲೋ?"

"ಸುಳ್ಳು ಹೇಳಿದ್ನಿರಿ ಸಾಹೇಬ್ರ."

ಆಗ ಏರಿತು ದನಿ. "ನಿನ್ನ ಮೀಸಿ ಕಾಣವಲ್ದು ಅಂತ ಗಾಡಿ ಚರ್ಮಾ ಸುಲಿದಿ. ಹೋಗ್ಲಿ, ಗಾಡಿ ಸುಡುಗಾಡಿಗೆ ಹೋಗ್ಲಿ. ಆ ಕಲ್ಲು ಕಾಣದಿದ್ರ? ನನ್ನ ಮಗಳು ನಿನ್ನ ಬಾಜೂಕ ಕೂತಿದ್ಲಲ್ಲೋ! ಆಕಿ ಕಣ್ಣಿಂದ ಉಳದೀವಿ ನಾವು, ನಿನ್ನ ಕಣ್ಣಿಂದಲ್ಲ!"

ಖೋಲಿಯ ಬಾಗಿಲಲ್ಲಿ ನಿಂತ ಸಾಬವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕುಸುಮ ಮಾತ್ರ ಅತ್ತುಬಿಟ್ಟಳು. "ನನಗರೆ ಹೇಳಬೇಕಿಲ್ಲೇನು ಭೀಮಣ್ಣ?" ಎಂದಳು. ವಕೀಲರ ಬೈಗುಳವನ್ನು ನೆಟ್ಟಗೆ ನಿಂತು ಕೇಳಿದವನು ಆ ಒಂದು ಮಾತಿಗೆ ಕುಸಿದು ಚಕ್ರದ ಪಕ್ಕ ಕೂತ.

ಮರುದಿನ ದಸರೆ. ಎಲ್ಲರೂ ತಮ್ಮ ತಮ್ಮ ವಸ್ತು ಎತ್ತಿಕೊಂಡರು. ಕೀಲಿಯೊಂದು ತಾಟಿನಲ್ಲಿ ಉಳಿಯಿತು. ವಕೀಲರು ಬನ್ನಿ ಎಲೆ ಹಂಚುತ್ತ ಭೀಮಣ್ಣನ ತನಕ ಬಂದು, ಎಲೆ ಕೊಟ್ಟು, ಒಂದು ಗಳಿಗೆ ತಾಟಿನ ಕಡೆ ನೋಡಿದರು. ಭೀಮಣ್ಣ ಬಾಗಿ ಅವರ ಕಾಲು ಮುಟ್ಟಿದ.

"ಕೀಲಿ ನಾ ಮುಟ್ಟೂದಿಲ್ರಿ. ಖೋಲಿ ಯಾವತ್ತ ಬಿಡಬೇಕು ಹೇಳ್ರಿ ಸಾಹೇಬ್ರ."

"ಖೋಲಿ ಸುದ್ದಿ ಯಾರು ತಗದಾರಿಲ್ಲೆ? ಮೊದಲ ದವಾಖಾನಿಗೆ ಹೋಗು" ಎಂದರು ಒಳಗಿನಿಂದ ಕೃಷ್ಣಾಬಾಯಿ. ವಕೀಲರು ಮುಂದಿನವರಿಗೆ ಎಲೆ ಕೊಡಲು ಹೊರಟರು. ಅವರ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಇಳಿಯಿತೆಂದು ನಾನು ಖಾತ್ರಿಯಾಗಿ ಹೇಳಲಾರೆ.

ಚಳಿಗಾಲದಲ್ಲಿ ಸರಕಾರಿ ದವಾಖಾನೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ದಪ್ಪ ಚಸ್ಮಾ ಬಂತು. ಅಷ್ಟರಲ್ಲಿ ಹುಲಿಗೆಪ್ಪ ಎಂಬ ಹೊಸ ಡ್ರೈವರೂ ಬಂದಿದ್ದ. ಅವನಿಗೆ ಪುಣೆಯಲ್ಲಿ ಸ್ವಂತ ಮನೆಯಿತ್ತು, ಹಾಗಾಗಿ ಖೋಲಿ ಉಳಿಯಿತು. ಕುಸುಮ ಈಗ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಗಾಡಿ ತೊಳೆಯುವ ಕೆಲಸವನ್ನು ಮಾತ್ರ ಭೀಮಣ್ಣ ಕೇಳಿ ಪಡೆದುಕೊಂಡ.

ಚಸ್ಮಾ ಬಂದ ಮರುದಿನ ಬೆಳಿಗ್ಗೆ ಅಂಟವಾಳದ ನೀರಿನಲ್ಲಿ ತೊಳೆದು, ಧೋತರದಿಂದ ಒರೆಸಿ, ರೂಢಿಯಂತೆ ಬಾಗಿದ. ಮೀಸೆ ಕಂಡಿತು. ಎರಡೂ ತುದಿ, ನಡುವೆ ಬೆಳ್ಳಗಾದ ಕೂದಲು ಕೂಡ ಕಂಡವು. ಅದರ ಹಿಂದೆಯೇ ಬಾನೆಟ್ಟಿನ ಏಣಿನುದ್ದಕ್ಕೂ ಆ ಕೆಂಪು ಕಂಡಿತು. ಸುತ್ತ ನಡೆದು ನೋಡಿದ. ಒಂದು ವರ್ಷ ತಾನೇ ತನ್ನ ಕೈಯಾರೆ ಮಾಡಿದ್ದನ್ನು ಅವನು ಅವತ್ತೇ ಮೊದಲ ಸಲ ನೋಡುತ್ತಿದ್ದ.

ಬೇಸಿಗೆಯಲ್ಲಿ ಒಂದು ದಿನ ಗಾಡಿ ಹತ್ತುವ ಮೊದಲು ವಕೀಲರು ಅದಕ್ಕೆ ಹೊಸ ಬಣ್ಣ ಹೊಡೆಸುವ ಮಾತು ತೆಗೆದರು. ಹನ್ನೊಂದು ವರ್ಷದಲ್ಲಿ ಭೀಮಣ್ಣ ಅವರಿಗೆ ಎದುರು ಮಾತಾಡಿದ್ದು ಆವತ್ತೊಂದೇ ಸಲ.

"ಬ್ಯಾಡ್ರಿ ಸಾಹೇಬ್ರ" ಎಂದ. "ಹಂಗೇ ಇರ್ಲಿ. ಈಗ ಕಣ್ಣು ತಿರುಗಿ ಬಂದದ, ದಿನಾ ಕಾಣ್ಲಿ ನನಗ."

ವಕೀಲರು ಅವನ ದಪ್ಪ ಚಸ್ಮಾವನ್ನೊಮ್ಮೆ, ಬಾನೆಟ್ಟನ್ನೊಮ್ಮೆ ನೋಡಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಕುಸುಮಳ ಕಡೆಗೂ ನೋಡಿದರು. ಆಮೇಲೆ ಬಣ್ಣದ ಮಾತನ್ನು ಅಲ್ಲಿಗೇ ಬಿಟ್ಟು ಗಾಡಿ ಹತ್ತಿದರು, ಹುಲಿಗೆಪ್ಪ ಗಾಡಿ ಬಿಟ್ಟ. ಭೀಮಣ್ಣ ಗೇಟು ಹಾಕಿಕೊಂಡ.